ಲ್ಯಾಪ್‌ಟಾಪ್ ಟಿವಿಗೆ ಹಾಕಿದಾಗ ಸೌಂಡ್ ಒಮ್ಮೆ ಜೋರು, ಒಮ್ಮೆ ಮೆಲ್ಲ: ಸರಿಪಡಿಸುವುದು ಹೇಗೆ?

ಗಲ್ಫ್‌ನಲ್ಲಿರುವ ನಮ್ಮವರ ರೂಮುಗಳಲ್ಲಿ ರಜೆಯ ದಿನ ಸಾಮಾನ್ಯವಾಗಿ ಕಾಣುವ ದೃಶ್ಯ ಇದು: ಒಬ್ಬರ ಲ್ಯಾಪ್‌ಟಾಪ್, ಎಲ್ಲರೂ ಸೇರಿ ಕೊಂಡ ಟಿವಿ, ನಡುವೆ ಒಂದು ಎಚ್‌ಡಿಎಂಐ ಕೇಬಲ್. ಚಿತ್ರ ಚೆನ್ನಾಗಿಯೇ ಬರುತ್ತದೆ. ತೊಂದರೆ ಸೌಂಡಿನದ್ದು. ಮಾತು ಕೇಳಿಸುವುದಿಲ್ಲ ಅಂತ ರಿಮೋಟ್ ಒತ್ತಿ ಜಾಸ್ತಿ ಮಾಡಿದರೆ ಮುಂದಿನ ನಿಮಿಷ ಫೈಟ್ ಸೀನು ಬಂದು ಪಕ್ಕದ ರೂಮಿನವರೆಗೆ ಕೇಳುತ್ತದೆ. ಕಡಿಮೆ ಮಾಡಿದರೆ ಮತ್ತೆ ಮಾತು ಮಾಯ. ಬೆಡ್‌ಸ್ಪೇಸ್‌ನಲ್ಲಿ ನೈಟ್ ಶಿಫ್ಟ್ ಮುಗಿಸಿ ಮಲಗಿದವರು ಒಬ್ಬರು ಇದ್ದರೆ ಇಷ್ಟು ಸಾಕು, ಜಗಳ ಶುರು.

ಇದಕ್ಕೆ ಹೊಸ ಟಿವಿ ಬೇಕಾಗಿಲ್ಲ, ದುಬಾರಿ ಕೇಬಲ್ಲೂ ಬೇಡ. ಬಹುತೇಕ ಸಂದರ್ಭಗಳಲ್ಲಿ ನಾಲ್ಕೈದು ಸೆಟ್ಟಿಂಗ್ ಸರಿ ಮಾಡಿದರೆ ಸಮಸ್ಯೆ ಮುಗಿಯುತ್ತದೆ. ಯಾವುದನ್ನು, ಯಾವ ಕ್ರಮದಲ್ಲಿ, ಯಾಕೆ ಮಾಡಬೇಕು ಎಂಬುದನ್ನು ಇಲ್ಲಿ ಕೊಟ್ಟಿದ್ದೇವೆ. ಮೆನುಗಳ ಹೆಸರು ನಿಮ್ಮ ಟಿವಿಯ ಮಾಡೆಲ್ ಮತ್ತು ವಿಂಡೋಸ್ ಆವೃತ್ತಿಗೆ ತಕ್ಕಂತೆ ಸ್ವಲ್ಪ ಬೇರೆ ಇರಬಹುದು.

ಮೊದಲು ಇದು ಗೊತ್ತಿರಲಿ: ವಾಲ್ಯೂಮ್ ಒಂದಲ್ಲ, ಮೂರು

ಲ್ಯಾಪ್‌ಟಾಪಿನಿಂದ ಟಿವಿಗೆ ಹೋಗುವ ಸೌಂಡು ಮೂರು ಕಡೆ ಕಡಿಮೆ-ಜಾಸ್ತಿ ಆಗುತ್ತದೆ.

1. ಆ್ಯಪ್ ಅಥವಾ ಪ್ಲೇಯರ್‌ನ ವಾಲ್ಯೂಮ್ (ಯೂಟ್ಯೂಬ್, ವಿಎಲ್‌ಸಿ, ಬ್ರೌಸರ್)
2. ವಿಂಡೋಸ್‌ನ ವಾಲ್ಯೂಮ್ (ಕೆಳಗೆ ಬಲಬದಿಯ ಸ್ಪೀಕರ್ ಚಿಹ್ನೆ)
3. ಟಿವಿಯ ವಾಲ್ಯೂಮ್ (ರಿಮೋಟ್)

ಇದು ಮನೆಯ ನೀರಿನ ಪೈಪಿಗೆ ಮೂರು ನಲ್ಲಿ ಇಟ್ಟ ಹಾಗೆ. ಮೇಲಿನದು ಅರ್ಧ ಮುಚ್ಚಿದ್ದರೆ ಕೆಳಗಿನದನ್ನು ಎಷ್ಟು ತಿರುಗಿಸಿದರೂ ನೀರು ಅಷ್ಟೇ. ವಿಂಡೋಸ್ 30ರಲ್ಲಿ ಇದ್ದರೆ ಟಿವಿಯನ್ನು 80ಕ್ಕೆ ಏರಿಸಬೇಕಾಗುತ್ತದೆ. ಆಮೇಲೆ ಯಾರೋ ಇನ್‌ಪುಟ್ ಬದಲಿಸಿ ಡಿಶ್ ರಿಸೀವರ್ ಹಾಕಿದರೆ ಅದೇ 80ರಲ್ಲಿ ಟಿವಿ ಕಿರುಚುತ್ತದೆ. ಆಗ ಟಿವಿ ಹಾಳಾಗಿದೆ ಅಂತ ಅನ್ನಿಸುವುದು ಸಹಜ, ಆದರೆ ಟಿವಿಯಲ್ಲಿ ಏನೂ ಆಗಿರುವುದಿಲ್ಲ.

ಸರಿಯಾದ ಕ್ರಮ ಹೀಗೆ:

ಪ್ಲೇಯರ್ ವಾಲ್ಯೂಮ್ 100 ಮಾಡಿ. ವಿಂಡೋಸ್ ವಾಲ್ಯೂಮ್ ಕೂಡ 90ರಿಂದ 100 ಇಡಿ. ಇನ್ನು ಮುಂದೆ ಹೆಚ್ಚು-ಕಡಿಮೆ ಮಾಡುವುದೆಲ್ಲ ರಿಮೋಟಿನಲ್ಲಿ ಮಾತ್ರ. ಇದನ್ನು ಮಾಡುವ ಮೊದಲು ಟಿವಿಯ ವಾಲ್ಯೂಮನ್ನು 10ಕ್ಕೆ ಇಳಿಸಲು ಮರೆಯಬೇಡಿ. ಇಲ್ಲದಿದ್ದರೆ ಒಮ್ಮೆಲೇ ಜೋರಾಗಿ ಬರುತ್ತದೆ.

ಇನ್ನೊಂದು ವಿಷಯ ಹಲವರಿಗೆ ಗೊತ್ತಿಲ್ಲ. ವಿಂಡೋಸ್ ಪ್ರತಿಯೊಂದು ಔಟ್‌ಪುಟ್‌ಗೂ ಬೇರೆ ಬೇರೆ ವಾಲ್ಯೂಮ್ ನೆನಪಿಟ್ಟುಕೊಳ್ಳುತ್ತದೆ. ಲ್ಯಾಪ್‌ಟಾಪ್ ಸ್ಪೀಕರಿಗೆ 70, ಟಿವಿಗೆ 25, ಹೆಡ್‌ಫೋನಿಗೆ 50 ಹೀಗೆ. ಎಚ್‌ಡಿಎಂಐ ಹಾಕಿದ ಕೂಡಲೇ ಅದು ಟಿವಿಯ 25ಕ್ಕೆ ಹೋಗುತ್ತದೆ, ತೆಗೆದರೆ ಮತ್ತೆ 70. ನಿನ್ನೆ ಸರಿ ಇತ್ತು, ಇವತ್ತು ಯಾಕೆ ಹೀಗೆ ಎಂಬ ಪ್ರಶ್ನೆಗೆ ಹೆಚ್ಚಾಗಿ ಇದೇ ಉತ್ತರ. ಆದ್ದರಿಂದ ವಿಂಡೋಸ್ ವಾಲ್ಯೂಮ್ ಸರಿ ಮಾಡುವುದು ಕೇಬಲ್ ಹಾಕಿದ ಮೇಲೆ, ಔಟ್‌ಪುಟ್‌ನಲ್ಲಿ ಟಿವಿಯ ಹೆಸರು ಬಂದ ಮೇಲೆ.

ಒಂದೇ ಆ್ಯಪ್‌ನಲ್ಲಿ ಮಾತ್ರ ಸೌಂಡ್ ಕಮ್ಮಿ ಇದ್ದರೆ ಸ್ಪೀಕರ್ ಚಿಹ್ನೆಯ ಮೇಲೆ ರೈಟ್ ಕ್ಲಿಕ್ ಮಾಡಿ, ವಾಲ್ಯೂಮ್ ಮಿಕ್ಸರ್ ತೆರೆಯಿರಿ. ಅಲ್ಲಿ ಒಂದೊಂದು ಆ್ಯಪ್‌ಗೂ ಬೇರೆ ಗೆರೆ ಕಾಣಿಸುತ್ತದೆ. ಯಾವುದೋ ದಿನ ಯಾರೋ ಇಳಿಸಿಟ್ಟ ಬ್ರೌಸರ್‌ನ ಗೆರೆ ಅಲ್ಲಿ ಹಾಗೆಯೇ ಕೂತಿರುತ್ತದೆ. ಎಲ್ಲವನ್ನೂ 100 ಮಾಡಿ.

ಕೇಬಲ್ ಬದಲಿಸಬೇಕೇ?

ಬೇಡ. ಎಚ್‌ಡಿಎಂಐಯಲ್ಲಿ ಸೌಂಡು ಹೋಗುವುದು ಡಿಜಿಟಲ್ ಆಗಿ, ಅಂದರೆ ಅಂಕೆಗಳ ರೂಪದಲ್ಲಿ. ಕೇಬಲ್ ಹಾಳಾದರೆ ಚಿತ್ರ ಕಪ್ಪಾಗಬಹುದು, ಸೌಂಡು ಕತ್ತರಿಸಿ ಕತ್ತರಿಸಿ ಬರಬಹುದು ಅಥವಾ ಪೂರ್ತಿ ನಿಲ್ಲಬಹುದು. ಆದರೆ ಕೇಬಲ್‌ನಿಂದಾಗಿ ಸೌಂಡು ಮೆಲ್ಲ ಆಗುವುದಿಲ್ಲ, ಚಿನ್ನದ ಲೇಪನದ ಪಿನ್ ಹಾಕಿದರೆ ಜೋರೂ ಆಗುವುದಿಲ್ಲ. ಅಂಗಡಿಯಲ್ಲಿ ‘ಇದು ಸೌಂಡಿಗೆ ಒಳ್ಳೆಯದು’ ಅಂತ ದುಬಾರಿ ಕೇಬಲ್ ಕೊಟ್ಟರೆ ದುಡ್ಡು ಉಳಿಸಿಕೊಳ್ಳಿ.

ಆದರೆ ಈ ವ್ಯತ್ಯಾಸ ತಿಳಿದಿರಲಿ:

ವಿಜಿಎ ಕೇಬಲ್ (ನೀಲಿ ಬಣ್ಣದ, 15 ಪಿನ್ನಿನದ್ದು) ಚಿತ್ರ ಮಾತ್ರ ಒಯ್ಯುತ್ತದೆ, ಸೌಂಡ್ ಇಲ್ಲ. ಹಳೆ ಲ್ಯಾಪ್‌ಟಾಪಿನವರು ಹೆಡ್‌ಫೋನ್ ತೂತಿನಿಂದ ಟಿವಿಯ ಆಡಿಯೋ ಇನ್‌ಗೆ ಬೇರೆ ವಯರು ಹಾಕಬೇಕು. ಇಲ್ಲಿ ಮಾತ್ರ ವಿಂಡೋಸ್ ವಾಲ್ಯೂಮ್ 100 ಇಡಬೇಡಿ. 70-80 ಸಾಕು. ಹೆಡ್‌ಫೋನ್ ಔಟ್‌ಪುಟ್ ಪೂರ್ತಿ ಏರಿಸಿದರೆ ಕೆಲವು ಟಿವಿಗಳಲ್ಲಿ ಸೌಂಡು ಒಡೆದ ಹಾಗೆ ಬರುತ್ತದೆ.

ಟೈಪ್-ಸಿ ತೂತಿನಿಂದ ಎಚ್‌ಡಿಎಂಐಗೆ ಅಡಾಪ್ಟರ್ ತಗೊಳ್ಳುವ ಮೊದಲು ನಿಮ್ಮ ಲ್ಯಾಪ್‌ಟಾಪಿನ ಟೈಪ್-ಸಿ ಚಿತ್ರ ಕೊಡುತ್ತದೆಯೇ ಎಂದು ನೋಡಿ. ಎಲ್ಲ ಟೈಪ್-ಸಿ ತೂತುಗಳೂ ಕೊಡುವುದಿಲ್ಲ, ಕೆಲವು ಚಾರ್ಜಿಂಗ್ ಮತ್ತು ಫೈಲ್ ಕಳಿಸುವುದಕ್ಕೆ ಮಾತ್ರ.

ಮ್ಯೂಸಿಕ್ ಜೋರು, ಮಾತು ಇಲ್ಲ: 5.1ರ ತೊಂದರೆ

ಸಿನಿಮಾಗಳ ಸೌಂಡು ಹಲವು ಬಾರಿ 5.1ರಲ್ಲಿ ಇರುತ್ತದೆ. ಅಂದರೆ ಆರು ದಾರಿ: ಮುಂದೆ ಎಡ, ಬಲ, ನಡು; ಹಿಂದೆ ಎಡ, ಬಲ; ಮತ್ತೆ ಬೇಸ್‌ಗೆ ಒಂದು. ಪಾತ್ರಗಳ ಮಾತು ಹೆಚ್ಚಾಗಿ ನಡುವಿನ ದಾರಿಯಲ್ಲಿ ಇರುತ್ತದೆ. ನಮ್ಮ ಟಿವಿಯಲ್ಲಿ ಇರುವುದು ಎಡ-ಬಲ ಎರಡೇ ಸ್ಪೀಕರ್. ಆರು ದಾರಿಯನ್ನು ಎರಡಕ್ಕೆ ಇಳಿಸುವ ಕೆಲಸ ಸರಿಯಾಗಿ ಆಗದಿದ್ದರೆ ಹಾಡು, ಗಾಳಿ, ಗುಂಡಿನ ಶಬ್ದ ಎಲ್ಲಾ ಕೇಳುತ್ತದೆ, ಮಾತು ಮಾತ್ರ ದೂರದ ಬಾವಿಯಿಂದ ಬಂದ ಹಾಗೆ ಇರುತ್ತದೆ.

ವಿಂಡೋಸ್ ತನ್ನ ಎದುರು ಆರು ಸ್ಪೀಕರ್ ಇದೆ ಅಂತ ತಿಳಿದುಕೊಂಡಿದ್ದರೆ ಹೀಗಾಗುತ್ತದೆ. ಅದನ್ನು ಸ್ಟೀರಿಯೋಗೆ ಬದಲಿಸಿ:

1. ಕೀಬೋರ್ಡಿನಲ್ಲಿ ವಿಂಡೋಸ್ ಕೀ ಮತ್ತು ಆರ್ ಒಟ್ಟಿಗೆ ಒತ್ತಿ. ಬರುವ ಚಿಕ್ಕ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ಎಂ-ಎಂ-ಎಸ್-ವೈ-ಎಸ್, ಒಂದು ಚುಕ್ಕಿ, ಸಿ-ಪಿ-ಎಲ್ ಎಂದು ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿ. ಹಳೆಯ ಸೌಂಡ್ ಪೆಟ್ಟಿಗೆ ತೆರೆಯುತ್ತದೆ. (ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್ ಒಳಗೆ ಹೋಗಿ ಕೆಳಗಿರುವ ಮೋರ್ ಸೌಂಡ್ ಸೆಟ್ಟಿಂಗ್ಸ್ ಒತ್ತಿದರೂ ಇಲ್ಲಿಗೇ ಬರುತ್ತೀರಿ.)
2. ಪ್ಲೇಬ್ಯಾಕ್ ಪಟ್ಟಿಯಲ್ಲಿ ನಿಮ್ಮ ಟಿವಿಯ ಹೆಸರು ಇರುತ್ತದೆ. ಅದರ ಮೇಲೆ ಒಮ್ಮೆ ಕ್ಲಿಕ್ ಮಾಡಿ.
3. ಕೆಳಗೆ ಎಡಬದಿಯ ಕಾನ್ಫಿಗರ್ ಒತ್ತಿ. ಸ್ಟೀರಿಯೋ ಆಯ್ಕೆ ಮಾಡಿ, ನೆಕ್ಸ್ಟ್ ಒತ್ತುತ್ತಾ ಹೋಗಿ ಫಿನಿಶ್ ಮಾಡಿ.

ಅನುಮಾನವಿದ್ದರೆ ಬದಲಿಸುವ ಮೊದಲು ಅಲ್ಲೇ ಇರುವ ಟೆಸ್ಟ್ ಬಟನ್ ಒತ್ತಿ ನೋಡಿ. ಚಿತ್ರದಲ್ಲಿ ಒಂದೊಂದೇ ಸ್ಪೀಕರ್ ಬೆಳಗುತ್ತಾ ಶಬ್ದ ಬರುತ್ತದೆ. ನಡುವಿನ ಸ್ಪೀಕರ್ ಬೆಳಗಿದಾಗ ಟಿವಿಯಿಂದ ಶಬ್ದವೇ ಬರದಿದ್ದರೆ ನಿಮ್ಮ ಕಾಯಿಲೆ ಇದೇ.

ಒಟಿಟಿಯಲ್ಲಿ ನೋಡುವಾಗ ಆಡಿಯೋ ಮೆನುವಿನಲ್ಲಿ ಒಂದೇ ಭಾಷೆ ಎರಡು ಸಲ ಕಾಣಿಸಿದರೆ, ಒಂದರ ಪಕ್ಕ 5.1 ಅಂತ ಬರೆದಿದ್ದರೆ, ಇನ್ನೊಂದನ್ನು ಆರಿಸಿ. ಸಾದಾ ಟಿವಿಗೆ ಅದೇ ಒಳ್ಳೆಯದು.

ಹಳೆ ಸಿನಿಮಾಗಳದ್ದು ಉಲ್ಟಾ ಕಥೆ. ಕಪ್ಪು-ಬಿಳುಪಿನ ಕಾಲದ ಚಿತ್ರಗಳ ಧ್ವನಿ ಮೋನೋ, ಒಂದೇ ದಾರಿ. ಯಾರೋ ಹಾಕಿದ ವಿಡಿಯೊದಲ್ಲಿ ಆ ಒಂದು ದಾರಿಯೂ ಎಡಬದಿಗೆ ಮಾತ್ರ ಇದ್ದರೆ ಸೌಂಡು ಒಂದೇ ಸ್ಪೀಕರಿನಿಂದ ಬರುತ್ತದೆ, ಅರ್ಧ ಕೇಳಿದ ಹಾಗೆ ಇರುತ್ತದೆ. ಇದಕ್ಕೆ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ, ಆಡಿಯೋ ಒಳಗೆ ಮೋನೋ ಆಡಿಯೋ ಆನ್ ಮಾಡಿ (ವಿಂಡೋಸ್ 10ರಲ್ಲಿ ಈಸ್ ಆಫ್ ಆಕ್ಸೆಸ್ ಒಳಗೆ). ನೋಡಿ ಮುಗಿದ ಮೇಲೆ ಆಫ್ ಮಾಡಿ.

ಮಾತು ಮೆಲ್ಲ, ಫೈಟ್ ಜೋರು: ಏರಿಳಿತ ಕಡಿಮೆ ಮಾಡುವುದು

ಸಿನಿಮಾದ ಸೌಂಡು ಥಿಯೇಟರಿಗೆ ಅಂತ ಮಾಡಿದ್ದು. ಅಲ್ಲಿ ಪಿಸುಮಾತಿಗೂ ಸ್ಫೋಟಕ್ಕೂ ನಡುವೆ ದೊಡ್ಡ ಅಂತರ ಬೇಕು. ‘ಕಾಂತಾರ’ದಲ್ಲಿ ದೈವದ ಕೂಗು ಥಿಯೇಟರಿನಲ್ಲಿ ಮೈ ನಡುಗಿಸಿದ್ದು ಅದಕ್ಕೇ. ಅದೇ ಅಂತರ ಆರು ಜನ ಮಲಗುವ ರೂಮಿನಲ್ಲಿ ಉಪದ್ರ. ನಮ್ಮ ಊರಿನ ಯಕ್ಷಗಾನದ ವಿಡಿಯೊಗಳಲ್ಲೂ ಹೀಗೆಯೇ. ಚೆಂಡೆ ಬಂದಾಗ ಕಿವಿ ಮುಚ್ಚಬೇಕು, ಅರ್ಥಗಾರಿಕೆ ಶುರುವಾದರೆ ಕಿವಿ ಟಿವಿಗೆ ತಾಗಿಸಬೇಕು. ಒಂದೆರಡು ಮೈಕಿನಲ್ಲಿ ಮಾಡಿದ ರೆಕಾರ್ಡಿಂಗ್ ಆದರೆ ಚೆಂಡೆ-ಮದ್ದಳೆಯ ಪಕ್ಕ ಮೈಕ್ ಇದ್ದು ವೇಷಧಾರಿ ದೂರ ಇರುತ್ತಾರೆ.

ಈ ಅಂತರವನ್ನು ಕುಗ್ಗಿಸುವ ವ್ಯವಸ್ಥೆ ವಿಂಡೋಸ್, ಟಿವಿ, ಪ್ಲೇಯರ್ ಮೂರರಲ್ಲೂ ಇದೆ. ಮೂರರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಿ. ಎರಡು-ಮೂರು ಒಟ್ಟಿಗೆ ಆನ್ ಮಾಡಿದರೆ ಸೌಂಡು ಉಸಿರಾಡಿದ ಹಾಗೆ ಮೇಲೆ-ಕೆಳಗೆ ಆಗುತ್ತದೆ. ಮಾತು ನಿಂತ ಕೂಡಲೇ ಹಿಂದಿನ ಗಾಳಿಯ ಶಬ್ದ ಏರುತ್ತದೆ, ಮಾತು ಬಂದರೆ ಇಳಿಯುತ್ತದೆ. ಕೇಳಲಿಕ್ಕೆ ಆಗುವುದಿಲ್ಲ.

ವಿಂಡೋಸ್‌ನಲ್ಲಿ: ಮೇಲೆ ಹೇಳಿದ ಹಳೆಯ ಸೌಂಡ್ ಪೆಟ್ಟಿಗೆಯಲ್ಲಿ ಟಿವಿಯ ಹೆಸರಿನ ಮೇಲೆ ಡಬಲ್ ಕ್ಲಿಕ್ ಮಾಡಿ. ಎನ್‌ಹಾನ್ಸ್‌ಮೆಂಟ್ಸ್ ಎಂಬ ಪುಟದಲ್ಲಿ ಲೌಡ್‌ನೆಸ್ ಈಕ್ವಲೈಸೇಶನ್ ಇರುತ್ತದೆ. ಟಿಕ್ ಹಾಕಿ, ಅಪ್ಲೈ ಒತ್ತಿ. ಮೆಲ್ಲಗಿನ ಮಾತು ಮೇಲೆ ಬರುತ್ತದೆ, ಜೋರು ಶಬ್ದ ಅಲ್ಲೇ ನಿಲ್ಲುತ್ತದೆ. ಆನ್ ಮಾಡುವಾಗ ಒಟ್ಟು ಸೌಂಡು ಒಮ್ಮೆಲೇ ಏರಬಹುದು, ಆದ್ದರಿಂದ ಮೊದಲು ಟಿವಿಯದ್ದು ಇಳಿಸಿಕೊಳ್ಳಿ. ಎಲ್ಲ ಲ್ಯಾಪ್‌ಟಾಪಿನಲ್ಲೂ ಈ ಪುಟ ಇರುವುದಿಲ್ಲ. ಅದು ಡ್ರೈವರ್‌ಗೆ ಸೇರಿದ ವಿಷಯ. ಇಲ್ಲದಿದ್ದರೆ ಚಿಂತೆ ಬೇಡ, ಮುಂದಿನ ಎರಡರಲ್ಲಿ ಒಂದನ್ನು ಬಳಸಿ.

ಟಿವಿಯಲ್ಲಿ: ರಿಮೋಟಿನಲ್ಲಿ ಸೆಟ್ಟಿಂಗ್ಸ್, ಸೌಂಡ್ ಒಳಗೆ ಹೋಗಿ. ಸ್ಯಾಮ್‌ಸಂಗ್ ಟಿವಿಗಳಲ್ಲಿ ಎಕ್ಸ್‌ಪರ್ಟ್ ಸೆಟ್ಟಿಂಗ್ಸ್ ಒಳಗೆ ಆಟೋ ವಾಲ್ಯೂಮ್ ಇರುತ್ತದೆ. ಎಲ್‌ಜಿಯ ಹಲವು ಮಾಡೆಲ್‌ಗಳಲ್ಲಿ ಕ್ಲಿಯರ್ ವಾಯ್ಸ್ ಎಂಬ ಸೌಂಡ್ ಮೋಡ್ ಇದೆ, ಅದು ಮಾತನ್ನು ಎತ್ತಿ ಕೊಡುತ್ತದೆ. ಸೋನಿಯ ಕೆಲವು ಮಾಡೆಲ್‌ಗಳಲ್ಲಿ ವಾಯ್ಸ್ ಝೂಮ್ ಎಂದಿದೆ. ಬೇರೆ ಕಂಪನಿಯವಾದರೆ ವಾಲ್ಯೂಮ್ ಲೆವೆಲರ್, ಆಟೋ ವಾಲ್ಯೂಮ್ ಕಂಟ್ರೋಲ್, ನೈಟ್ ಮೋಡ್, ಡೈಲಾಗ್ ಎಂಬ ಪದಗಳನ್ನು ಹುಡುಕಿ. ಸೌಂಡ್ ಮೋಡ್ ಮೂವಿ ಅಥವಾ ಮ್ಯೂಸಿಕ್‌ನಲ್ಲಿ ಇದ್ದರೆ ಸ್ಟ್ಯಾಂಡರ್ಡ್‌ಗೆ ತನ್ನಿ. ಸರೌಂಡ್ ಎಂಬ ಹೆಸರಿನ ಏನಾದರೂ ಆನ್ ಇದ್ದರೆ ಆಫ್ ಮಾಡಿ. ಎರಡು ಸ್ಪೀಕರಿನಲ್ಲಿ ಸರೌಂಡ್ ತೋರಿಸಲು ಹೋಗಿ ಅದು ಮಾತನ್ನು ಮಸುಕು ಮಾಡುವುದೇ ಹೆಚ್ಚು.

ವಿಎಲ್‌ಸಿ ಪ್ಲೇಯರ್‌ನಲ್ಲಿ: ಪೆನ್‌ಡ್ರೈವ್ ಅಥವಾ ಹಾರ್ಡ್‌ಡಿಸ್ಕಿನಿಂದ ನೋಡುವವರಿಗೆ ಇದೇ ಸುಲಭ. ಕಂಟ್ರೋಲ್ ಮತ್ತು ಇ ಒತ್ತಿ. ಆಡಿಯೋ ಎಫೆಕ್ಟ್ಸ್ ಒಳಗೆ ಕಂಪ್ರೆಸರ್ ಎಂಬ ಪುಟ ಇದೆ. ಎನೇಬಲ್ ಟಿಕ್ ಮಾಡಿ. ಥ್ರೆಶೋಲ್ಡ್ ಗೆರೆಯನ್ನು ಮೈನಸ್ 20ರ ಹತ್ತಿರ, ರೇಷಿಯೋ 4ರ ಹತ್ತಿರ, ಮೇಕಪ್ ಗೇನ್ 8ರಿಂದ 10ರ ನಡುವೆ ಇಟ್ಟು ಶುರು ಮಾಡಿ. ಇದರ ಅರ್ಥ ಇಷ್ಟೇ: ಒಂದು ಮಟ್ಟಕ್ಕಿಂತ ಮೇಲೆ ಹೋದ ಶಬ್ದವನ್ನು ಕಾಲು ಭಾಗಕ್ಕೆ ಒತ್ತಿ ಹಿಡಿ, ಆಮೇಲೆ ಎಲ್ಲವನ್ನೂ ಸ್ವಲ್ಪ ಎತ್ತು. ವಿಎಲ್‌ಸಿಯ ವಾಲ್ಯೂಮ್ 100 ದಾಟಿ 125ರವರೆಗೆ ಹೋಗುತ್ತದೆ. ಅಷ್ಟು ಏರಿಸಿದರೆ ಜೋರು ಜಾಗಗಳಲ್ಲಿ ಸೌಂಡು ಒಡೆಯುತ್ತದೆ. 100ರಲ್ಲೇ ಬಿಡಿ.

ಒಂದು ವಿಡಿಯೊ ಮೆಲ್ಲ, ಮುಂದಿನದ್ದು ಜೋರು

ಯೂಟ್ಯೂಬಿನಲ್ಲಿ ನೋಡಿ ಒಟಿಟಿಗೆ ಹೋದರೆ ಸೌಂಡು ಒಮ್ಮೆಲೇ ಬಿದ್ದ ಹಾಗೆ ಅನ್ನಿಸುತ್ತದೆ. ಇದು ನಿಮ್ಮ ಟಿವಿಯ ತಪ್ಪಲ್ಲ. ಸೌಂಡಿನ ಜೋರನ್ನು ಅಳೆಯುವ ಒಂದು ಮಾಪನ ಇದೆ, ಅದರಲ್ಲಿ ಸೊನ್ನೆಗೆ ಹತ್ತಿರ ಹೋದಷ್ಟೂ ಜೋರು. ಯೂಟ್ಯೂಬ್ ಮೈನಸ್ 14ರ ಹತ್ತಿರದ ಮಟ್ಟಕ್ಕಿಂತ ಜೋರಾಗಿರುವ ವಿಡಿಯೊಗಳನ್ನು ಅಲ್ಲಿಗೆ ಇಳಿಸುತ್ತದೆ. ನೆಟ್‌ಫ್ಲಿಕ್ಸ್ ತನ್ನ ಕಾರ್ಯಕ್ರಮಗಳ ಮಾತಿನ ಸರಾಸರಿ ಮೈನಸ್ 27ರ ಹತ್ತಿರ ಇರಬೇಕು ಎಂದು ಕೇಳುತ್ತದೆ. ಅಳೆಯುವ ರೀತಿಯಲ್ಲಿ ಸ್ವಲ್ಪ ವ್ಯತ್ಯಾಸ ಇದ್ದರೂ ಎರಡರ ನಡುವೆ 13 ಡೆಸಿಬಲ್‌ನ ಅಂತರ. 10 ಡೆಸಿಬಲ್ ಹೆಚ್ಚಾದರೆ ಕಿವಿಗೆ ಸುಮಾರು ಎರಡು ಪಟ್ಟು ಜೋರು ಅನ್ನಿಸುತ್ತದೆ. ಹಾಗಾಗಿ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ರಿಮೋಟ್ ಕೈಯಲ್ಲಿ ಇರಬೇಕಾದ್ದೇ.

ಯೂಟ್ಯೂಬ್ ಜೋರಿದ್ದದ್ದನ್ನು ಇಳಿಸುತ್ತದೆ, ಆದರೆ ಮೆಲ್ಲಗಿದ್ದದ್ದನ್ನು ಅದೇ ರೀತಿ ಏರಿಸುವುದಿಲ್ಲ. ಫೋನಿನಲ್ಲಿ ದೂರದಿಂದ ತೆಗೆದ ಮದುವೆ ವಿಡಿಯೊ, ನೇಮದ ವಿಡಿಯೊ, ಹಳೆ ಕ್ಯಾಸೆಟ್ಟಿನಿಂದ ಹಾಕಿದ ತಾಳಮದ್ದಳೆ ಮೆಲ್ಲಗೇ ಉಳಿಯುವುದು ಅದಕ್ಕೆ. ಮಧ್ಯೆ ಬರುವ ಜಾಹೀರಾತು ಮಾತ್ರ ತನ್ನ ಪೂರ್ತಿ ಜೋರಿನಲ್ಲಿ ಬರುತ್ತದೆ. ವಿಡಿಯೊದ ಚಕ್ರದ ಚಿಹ್ನೆ ಒತ್ತಿದರೆ ಸ್ಟೇಬಲ್ ವಾಲ್ಯೂಮ್ ಎಂಬ ಆಯ್ಕೆ ಕಾಣಿಸುತ್ತದೆ, ಅದನ್ನು ಆನ್ ಇಡಿ. ಎಲ್ಲ ವಿಡಿಯೊದಲ್ಲೂ ಇದು ಬರುವುದಿಲ್ಲ. ಬರದ ಕಡೆ ಮೇಲೆ ಹೇಳಿದ ಲೌಡ್‌ನೆಸ್ ಈಕ್ವಲೈಸೇಶನ್ ಅಥವಾ ಟಿವಿಯ ಆಟೋ ವಾಲ್ಯೂಮ್ ಸಹಾಯಕ್ಕೆ ಬರುತ್ತದೆ.

ಟಿವಿ ಚಾನೆಲ್‌ಗಳ ಜಾಹೀರಾತಿನ ಗಲಾಟೆ ಎಲ್ಲ ದೇಶದ್ದೂ ಹೌದು. ಅಮೆರಿಕದಲ್ಲಿ ಜಾಹೀರಾತು ಕಾರ್ಯಕ್ರಮಕ್ಕಿಂತ ಜೋರಾಗಿ ಇರಬಾರದು ಎಂದು 2010ರಲ್ಲಿ ಕಾನೂನೇ ಮಾಡಿದರು. ಯುರೋಪಿನ ಪ್ರಸಾರಕರು ಅದೇ ವರ್ಷ ಮೈನಸ್ 23ರ ಒಂದು ಸಮಾನ ಮಟ್ಟವನ್ನು ಶಿಫಾರಸು ಮಾಡಿದರು.

ಒಂದು ಎಚ್ಚರಿಕೆ. ಬ್ರೌಸರಿಗೆ ವಾಲ್ಯೂಮ್ ಬೂಸ್ಟರ್ ಎಂಬ ಹೆಸರಿನ ಎಕ್ಸ್‌ಟೆನ್ಷನ್‌ಗಳು ಬಹಳ ಸಿಗುತ್ತವೆ. ಅವುಗಳಲ್ಲಿ ಹಲವು ‘ನೀವು ನೋಡುವ ಎಲ್ಲ ಸೈಟಿನ ಮಾಹಿತಿ ಓದಲು’ ಅನುಮತಿ ಕೇಳುತ್ತವೆ. ಅದೇ ಬ್ರೌಸರಿನಲ್ಲಿ ನೀವು ಊರಿಗೆ ಹಣ ಕಳಿಸುತ್ತೀರಿ, ಬ್ಯಾಂಕ್ ತೆರೆಯುತ್ತೀರಿ. ಸೌಂಡಿಗೋಸ್ಕರ ಅಷ್ಟು ದೊಡ್ಡ ಬಾಗಿಲು ತೆರೆದಿಡುವುದು ಬೇಡ.

ಮನೆಯವರ ಜೊತೆ ವಿಡಿಯೊ ಕಾಲ್‌ನಲ್ಲಿ

ಮಕ್ಕಳನ್ನು ದೊಡ್ಡ ಪರದೆಯಲ್ಲಿ ನೋಡಬೇಕು ಅಂತ ಟಿವಿಗೆ ಹಾಕಿ ಕಾಲ್ ಮಾಡುವವರು ಬಹಳ. ಸೌದಿ, ಕುವೈತ್, ಕತಾರ್, ಬಹ್ರೈನ್‌ನಲ್ಲಿ ರಾತ್ರಿ 9 ಆದಾಗ ಊರಲ್ಲಿ 11:30. ದುಬೈ, ಮಸ್ಕತ್‌ನವರಿಗೆ ಊರಿನ ಗಂಟೆ 10:30. ಮನೆಯಲ್ಲಿ ಮಕ್ಕಳು, ಹಿರಿಯರು ಮಲಗಿರುತ್ತಾರೆ, ಹೆಂಡತಿ ಅಥವಾ ಅಮ್ಮ ಮೆಲ್ಲಗೆ ಮಾತಾಡುತ್ತಾರೆ. ಇಲ್ಲಿ ಅದು ಇನ್ನೂ ಮೆಲ್ಲ. ‘ಏನು? ಏನು?’ ಅನ್ನುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. ಇಲ್ಲಿ ನೋಡಬೇಕಾದ್ದು ಮೂರು.

ಒಂದು, ವಿಂಡೋಸ್ ತಾನೇ ಇಳಿಸುವುದು. ಕಾಲ್ ಬಂದಾಗ ಬೇರೆ ಶಬ್ದಗಳನ್ನು 80 ಶೇಕಡಾ ಇಳಿಸುವ ಏರ್ಪಾಡು ವಿಂಡೋಸ್‌ನಲ್ಲಿ ಮೊದಲೇ ಆನ್ ಇರುತ್ತದೆ. ಕಾಲ್ ಆ್ಯಪ್ ಹಿಂದೆ ತೆರೆದೇ ಇದ್ದರೆ ಸಿನಿಮಾ ನೋಡುವಾಗಲೂ ಸೌಂಡು ಇದ್ದಕ್ಕಿದ್ದಂತೆ ಬೀಳಬಹುದು. ಹಳೆಯ ಸೌಂಡ್ ಪೆಟ್ಟಿಗೆಯಲ್ಲಿ ಕಮ್ಯುನಿಕೇಶನ್ಸ್ ಎಂಬ ಪುಟಕ್ಕೆ ಹೋಗಿ ಡೂ ನಥಿಂಗ್ ಆಯ್ಕೆ ಮಾಡಿ, ಓಕೆ ಕೊಡಿ. ಎರಡು ನಿಮಿಷದ ಕೆಲಸ, ಹಲವರ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ.

ಎರಡು, ಟಿವಿಯ ಸೌಂಡು ಲ್ಯಾಪ್‌ಟಾಪಿನ ಮೈಕಿಗೆ ಹೋಗುವುದು. ಅಮ್ಮನ ಮಾತು ಟಿವಿಯಿಂದ ಬಂದು ಮೈಕಿಗೆ ಹೋಗಿ ಅವರಿಗೇ ತಿರುಗಿ ಕೇಳುತ್ತದೆ. ಇದನ್ನು ತಡೆಯಲು ಆ್ಯಪ್ ಪ್ರಯತ್ನಿಸುತ್ತದೆ. ಆದರೆ ಟಿವಿ ಸೌಂಡನ್ನು ಸ್ವಲ್ಪ ತಡ ಮಾಡಿ ಕೊಡುವುದರಿಂದ ಅದಕ್ಕೆ ಲೆಕ್ಕ ತಪ್ಪುತ್ತದೆ, ಮಾತು ಕತ್ತರಿಸಿ ಬರುತ್ತದೆ, ಏರಿಳಿಯುತ್ತದೆ. ಉಪಾಯ: ಚಿತ್ರ ಟಿವಿಯಲ್ಲಿ ಇರಲಿ, ಸೌಂಡು ಬೇರೆ ಕಡೆ ಹೋಗಲಿ. ಲ್ಯಾಪ್‌ಟಾಪಿಗೆ ಮೈಕ್ ಇರುವ ಇಯರ್‌ಫೋನ್ ಹಾಕಿ, ಸ್ಪೀಕರ್ ಚಿಹ್ನೆ ಒತ್ತಿ ಔಟ್‌ಪುಟ್ ಇಯರ್‌ಫೋನಿಗೆ ಬದಲಿಸಿ. ಎಲ್ಲರೂ ಕೂತು ಕೇಳಬೇಕಾದರೆ ಲ್ಯಾಪ್‌ಟಾಪನ್ನು ಟಿವಿಯಿಂದ ದೂರ, ನಿಮ್ಮ ಹತ್ತಿರ ಇಟ್ಟು ಟಿವಿಯ ಸೌಂಡು ಸ್ವಲ್ಪ ಇಳಿಸಿ. ಟಿವಿಯಲ್ಲಿ ಗೇಮ್ ಮೋಡ್ ಇದ್ದರೆ ಆನ್ ಮಾಡಿ, ತಡ ಕಡಿಮೆಯಾಗುತ್ತದೆ.

ಮೂರು, ಆ ಕಡೆಯ ಫೋನ್. ಹೆಚ್ಚಿನ ಫೋನುಗಳ ಮೈಕ್ ಕೆಳಗಿನ ಅಂಚಿನಲ್ಲಿ ಚಿಕ್ಕ ತೂತಿನ ಹಾಗೆ ಇರುತ್ತದೆ. ಹಿರಿಯರು ಫೋನ್ ಹಿಡಿಯುವಾಗ ಬೆರಳು ಅಲ್ಲೇ ಬರುತ್ತದೆ, ಅಥವಾ ದಪ್ಪ ಕವರ್ ಅದನ್ನು ಮುಚ್ಚಿರುತ್ತದೆ. ಒಂದು ಲೋಟಕ್ಕೆ ಅಥವಾ ಡಬ್ಬಿಗೆ ಫೋನ್ ಒರಗಿಸಿಟ್ಟು ಮಾತಾಡಲು ಹೇಳಿ. ಈ ಕಡೆ ಎಷ್ಟು ಸೆಟ್ಟಿಂಗ್ ಮಾಡಿದರೂ ಸರಿಯಾಗದ್ದು ಆ ಕಡೆ ಬೆರಳು ತೆಗೆದರೆ ಸರಿಯಾಗುತ್ತದೆ.

ಯುಎಇಯಲ್ಲಿ ವಾಟ್ಸ್‌ಆ್ಯಪ್ ಕಾಲ್‌ಗೆ ನಿರ್ಬಂಧ ಇರುವುದರಿಂದ ಅನೇಕರು ಬೋಟಿಮ್ ಬಳಸುತ್ತಾರೆ. ಯಾವ ಆ್ಯಪ್ ಆದರೂ ಮೇಲಿನ ಮೂರೂ ಅನ್ವಯಿಸುತ್ತವೆ.

ಲ್ಯಾಪ್‌ಟಾಪಿನ ವಾಲ್ಯೂಮ್ ಒತ್ತಿದರೆ ಏನೂ ಆಗುತ್ತಿಲ್ಲ

ಇದಕ್ಕೆ ಎರಡು ಕಾರಣ. ಆ್ಯಪಲ್ ಮ್ಯಾಕ್‌ಗಳಲ್ಲಿ ಎಚ್‌ಡಿಎಂಐ ಮೂಲಕ ಟಿವಿಗೆ ಹಾಕಿದಾಗ ವಾಲ್ಯೂಮ್ ಗೆರೆ ಬಣ್ಣ ಕಳೆದುಕೊಂಡು ನಿಂತುಬಿಡುವುದು ಸಾಮಾನ್ಯ. ಅದು ಕೆಟ್ಟಿಲ್ಲ, ಟಿವಿಯ ರಿಮೋಟನ್ನೇ ಬಳಸಬೇಕು. ವಿಂಡೋಸ್‌ನಲ್ಲಿ ಹೀಗಾದರೆ ಪ್ಲೇಯರು ಡಾಲ್ಬಿ ಸೌಂಡನ್ನು ಬಿಚ್ಚದೆ ಹಾಗೆಯೇ ಟಿವಿಗೆ ಕಳಿಸುತ್ತಿರಬಹುದು. ಆಗ ನಡುವಿನ ವಾಲ್ಯೂಮಿಗೆ ಅಧಿಕಾರ ಇರುವುದಿಲ್ಲ, ಲೌಡ್‌ನೆಸ್ ಈಕ್ವಲೈಸೇಶನ್ ಕೂಡ ಕೆಲಸ ಮಾಡುವುದಿಲ್ಲ. ವಿಎಲ್‌ಸಿಯಲ್ಲಿ ಟೂಲ್ಸ್, ಪ್ರಿಫರೆನ್ಸಸ್, ಆಡಿಯೋ ಒಳಗೆ ಪಾಸ್‌ಥ್ರೂ ಎಂಬುದನ್ನು ಡಿಸೇಬಲ್ ಮಾಡಿ.

‘ಗುಂಯ್’ ಎಂಬ ಶಬ್ದ

ಇದು ಹೆಚ್ಚಾಗಿ ಹೆಡ್‌ಫೋನ್ ತೂತಿನಿಂದ ವಯರು ಹಾಕಿದವರಿಗೆ ಬರುವ ತೊಂದರೆ. ಪರೀಕ್ಷೆ ಸುಲಭ: ಲ್ಯಾಪ್‌ಟಾಪಿನ ಚಾರ್ಜರ್ ತೆಗೆಯಿರಿ. ಬ್ಯಾಟರಿಯಲ್ಲಿ ನಡೆಯುವಾಗ ಶಬ್ದ ನಿಂತರೆ ಕಾರಣ ಅರ್ಥಿಂಗ್. ಲ್ಯಾಪ್‌ಟಾಪನ್ನೂ ಟಿವಿಯನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ಊರಿನಿಂದ ತಂದ ಚಾರ್ಜರಿಗೆ ಸಡಿಲ ಕನ್ವರ್ಟರ್ ಪಿನ್ ಹಾಕಿದ್ದರೆ ಅದನ್ನು ಬಿಟ್ಟು ಇಲ್ಲಿನ ಮೂರು ಪಿನ್ನಿನ ವಯರ್ ತಗೊಳ್ಳಿ. ಶಬ್ದ ನಿಲ್ಲಿಸಲು ಅರ್ಥ್ ಪಿನ್ ಮುರಿಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಶಾಕ್‌ನಿಂದ ಜೀವ ಉಳಿಸುವ ಪಿನ್. ಸಾಧ್ಯವಿದ್ದರೆ ಎಚ್‌ಡಿಎಂಐಗೆ ಬದಲಾಯಿಸಿ.

ಕೋಣೆ ಮತ್ತು ಕಿವಿ

ಟಿವಿಯ ಸ್ಪೀಕರುಗಳು ಹೆಚ್ಚಾಗಿ ಕೆಳಮುಖ ಅಥವಾ ಹಿಂಬದಿಗೆ ಇರುತ್ತವೆ. ಗೋಡೆಗೆ ಒತ್ತಿ ಇಟ್ಟರೆ, ಕೆಳಗೆ ದಪ್ಪ ಬಟ್ಟೆ ಹಾಸಿದರೆ ಮಾತು ಮಸುಕಾಗುತ್ತದೆ. ಕಾರ್ಪೆಟ್, ಪರದೆ ಇಲ್ಲದ ಟೈಲ್ಸ್ ರೂಮಿನಲ್ಲಿ ಶಬ್ದ ಪ್ರತಿಧ್ವನಿಸಿ ಮಾತು ಕಲಸಿಹೋಗುತ್ತದೆ. ಹಳೆ ಎಸಿಯ ಗದ್ದಲ ಬೇರೆ. ಟಿವಿಯನ್ನು ಎಸಿಯ ಬದಿಯಿಂದ ಸರಿಸಿ ಕೂತವರ ಕಿವಿಯ ಎತ್ತರಕ್ಕೆ ತಂದರೆ ವಾಲ್ಯೂಮ್ ಅಷ್ಟು ಏರಿಸಬೇಕಾಗುವುದಿಲ್ಲ.

ರೂಮಿನಲ್ಲಿ ಯಾರಾದರೂ ಮಲಗಿದ್ದರೆ ಇಯರ್‌ಫೋನೇ ಸರಿ. ಆದರೆ ಮಿತಿ ಇರಲಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ 80 ಡೆಸಿಬಲ್ ಮಟ್ಟದ ಶಬ್ದ ವಾರಕ್ಕೆ 40 ಗಂಟೆಯವರೆಗೆ ಸುರಕ್ಷಿತ. ಜೋರು ಹೆಚ್ಚಾದಂತೆ ಆ ಗಂಟೆಗಳು ಬೇಗ ಬೇಗ ಕಡಿಮೆಯಾಗುತ್ತವೆ.

ಇಲ್ಲಿ ಒಂದು ಮಾತು ಮುಖ್ಯ. ಜನರೇಟರ್, ಗ್ರೈಂಡರ್, ಬ್ರೇಕರ್, ಕಂಪ್ರೆಸರ್ ಪಕ್ಕ ವರ್ಷಗಟ್ಟಲೆ ಕೆಲಸ ಮಾಡುವವರಿಗೆ ಕಿವಿ ನಿಧಾನವಾಗಿ ಮಂದವಾಗುತ್ತದೆ. ಮೊದಲು ಹೋಗುವುದು ತೆಳುವಾದ, ಎತ್ತರದ ಸ್ವರಗಳು. ಸ, ಶ, ತ, ಪ ತರಹದ ಅಕ್ಷರಗಳು ತಿಳಿಯುವುದಿಲ್ಲ. ‘ಸೌಂಡ್ ಕೇಳುತ್ತದೆ, ಏನು ಹೇಳಿದರು ಅಂತ ಗೊತ್ತಾಗುವುದಿಲ್ಲ’ ಎನ್ನುವುದು ಇದರ ಲಕ್ಷಣ. ರೂಮಿನ ಬೇರೆ ಎಲ್ಲರಿಗೂ ಸರಿಯಾಗಿ ಕೇಳುವ ಸೌಂಡು ನಿಮಗೊಬ್ಬರಿಗೆ ಸಾಲುತ್ತಿಲ್ಲ, ಕಿವಿಯಲ್ಲಿ ‘ಕುಂಯ್’ ಎನ್ನುತ್ತದೆ ಎಂದಾದರೆ ಟಿವಿಯ ಸೆಟ್ಟಿಂಗ್ ಬಿಟ್ಟು ಕಿವಿ ಡಾಕ್ಟರನ್ನು ನೋಡಿ. ಹೋದ ಶ್ರವಣ ಶಕ್ತಿ ತಿರುಗಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಬಹುದು. ಸೈಟಿನಲ್ಲಿ 85 ಡೆಸಿಬಲ್‌ಗಿಂತ ಮೇಲಿನ ಗದ್ದಲದಲ್ಲಿ ಇಡೀ ದಿನ ಕೆಲಸ ಇದ್ದರೆ ಇಯರ್‌ಪ್ಲಗ್ ಹಾಕಲೇಬೇಕು. ಒಂದು ಕೈ ದೂರ ನಿಂತವರಿಗೂ ಕೂಗಿ ಹೇಳಬೇಕಾದರೆ ಅಷ್ಟು ಗದ್ದಲ ಇದೆ ಎಂದೇ ತಿಳಿಯಿರಿ.

ಯಾವ ಲಕ್ಷಣಕ್ಕೆ ಯಾವ ಮದ್ದು

ಎಲ್ಲವೂ ಮೆಲ್ಲ: ಆ್ಯಪ್ 100, ವಿಂಡೋಸ್ 100, ಆಮೇಲೆ ರಿಮೋಟ್.
ಒಂದೇ ಆ್ಯಪ್ ಮೆಲ್ಲ: ವಾಲ್ಯೂಮ್ ಮಿಕ್ಸರ್.
ಮ್ಯೂಸಿಕ್ ಇದೆ, ಮಾತಿಲ್ಲ: ಸ್ಟೀರಿಯೋ ಆಯ್ಕೆ, ಟಿವಿಯ ಸರೌಂಡ್ ಆಫ್.
ಮಾತು ಮೆಲ್ಲ, ಫೈಟ್ ಜೋರು: ಲೌಡ್‌ನೆಸ್ ಈಕ್ವಲೈಸೇಶನ್, ಟಿವಿಯ ಆಟೋ ವಾಲ್ಯೂಮ್, ವಿಎಲ್‌ಸಿ ಕಂಪ್ರೆಸರ್. ಮೂರರಲ್ಲಿ ಒಂದು.
ಒಂದೇ ಬದಿಯಿಂದ ಸೌಂಡ್: ಮೋನೋ ಆಡಿಯೋ.
ಕಾಲ್ ಬಂದಾಗ, ಹೋದಾಗ ಏರಿಳಿತ: ಕಮ್ಯುನಿಕೇಶನ್ಸ್ ಪುಟದಲ್ಲಿ ಡೂ ನಥಿಂಗ್.
ಸೌಂಡ್ ಉಸಿರಾಡಿದ ಹಾಗೆ: ಎರಡು ಲೆವೆಲರ್ ಒಟ್ಟಿಗೆ ಆನ್ ಆಗಿದೆ, ಒಂದನ್ನು ಆಫ್ ಮಾಡಿ.
ಕತ್ತರಿಸಿ ಬರುವುದು: ಕೇಬಲ್ ತೆಗೆದು ಗಟ್ಟಿ ಹಾಕಿ, ಬೇರೆ ಎಚ್‌ಡಿಎಂಐ ತೂತು ಪ್ರಯತ್ನಿಸಿ.
ಗುಂಯ್ ಶಬ್ದ: ಚಾರ್ಜರ್ ತೆಗೆದು ಪರೀಕ್ಷಿಸಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದೇ ಸೀನನ್ನು ಮತ್ತೆ ಹಾಕಿ ಕೇಳಿ, ಆಮೇಲೆ ಮುಂದಿನದು. ನಾಲ್ಕು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು, ಯಾವುದರಿಂದ ಕೆಟ್ಟಿತು ಗೊತ್ತಾಗುವುದಿಲ್ಲ. ಸರಿಯಾದ ಮೇಲೆ ಸೆಟ್ಟಿಂಗ್ ಪುಟದ ಫೋಟೋ ಫೋನಿನಲ್ಲಿ ತೆಗೆದಿಡಿ. ರೂಮಿನಲ್ಲಿ ಬೇರೆಯವರು ಮುಟ್ಟಿದಾಗ, ವಿಂಡೋಸ್ ಅಪ್‌ಡೇಟ್ ಆದಾಗ ಉಪಯೋಗಕ್ಕೆ ಬರುತ್ತದೆ. ಊರಲ್ಲಿ ಅಪ್ಪ-ಅಮ್ಮ ‘ಟಿವಿ ಸೌಂಡೇ ಸರಿ ಇಲ್ಲ ಮಾರಾಯ’ ಅಂತ ಫೋನ್ ಮಾಡಿದಾಗ ಅದೇ ಫೋಟೋ ಕಳಿಸಿದರೆ ಪಕ್ಕದ ಮನೆಯ ಹುಡುಗ ಐದು ನಿಮಿಷದಲ್ಲಿ ಸರಿ ಮಾಡಿ ಕೊಟ್ಟಾನು.